ಪೆನ್ ಡ್ರೈವ್‌ನಲ್ಲಿ ಬರೆವಣಿಗೆ ನಿಧಾನವೇಕೆ?

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಒಪ್ಪಿಸಬೇಕಾದ ವಿಡಿಯೋ ಕಡತವನ್ನು ಗಣಕಯಂತ್ರದಿಂದ ಪೆನ್ ಡ್ರೈವ್‌ಗೆ ಇಳಿಸುತ್ತಿರುವಳೆಂದು ಭಾವಿಸೋಣ. ಮೊದಲ ಅರೆನಿಮಿಷದಲ್ಲೇ ಅರ್ಧ ಕೆಲಸ ಮುಗಿಯಿತೆಂದು ತೆರೆ ತೋರಿಸುತ್ತದೆ. ಅನಂತರ ಅಂಕಿ ಕದಲುವುದೇ ಇಲ್ಲ. ಅತ್ತ ಬಸ್ಸಿಗೆ ಹೊತ್ತಾಗುತ್ತಿದೆ. ಬೇಸತ್ತು ಡ್ರೈವನ್ನು ಕಿತ್ತುಕೊಂಡು ಹೊರಟರೆ, ಆ ಕಡತ ಕಾಲೇಜಿನಲ್ಲಿ ತೆರೆಯದೆ ಹೋಗಬಹುದು. ಈ ವಿಳಂಬದ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಿಸೋಣ.

ಸುಗ್ಗಿಯಲ್ಲಿ ರಾಗಿಯನ್ನು ಮೊದಲು ಕಣದಲ್ಲಿ ರಾಶಿ ಹಾಕಿ, ಆಮೇಲೆ ಚೀಲ ಚೀಲವಾಗಿ ಕಣಜಕ್ಕೆ ಸಾಗಿಸುತ್ತಾರೆ. ಗಣಕಯಂತ್ರವೂ ಹೀಗೆಯೇ ಮಾಡುವುದುಂಟು. ಲಿನಕ್ಸ್ ವ್ಯವಸ್ಥೆಯಲ್ಲಿ ಇದು ಎದ್ದು ಕಾಣುತ್ತದೆ. ಕಡತ ಮೊದಲು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಬಂದು, ಅಲ್ಲಿಂದ ಡ್ರೈವ್‌ಗೆ ಸಾಗುತ್ತದೆ. ಪ್ರಾರಂಭದಲ್ಲಿ ಕಾಣುವುದು ಕಣ ತುಂಬುವ ವೇಗವೇ ಹೊರತು ಕಣಜ ತುಂಬುವ ವೇಗವಲ್ಲ. ಆದುದರಿಂದ ಮೊದಲು ತೋರುವ ಅಂಕಿಯನ್ನು ನಂಬಲಾಗದು.

ಇನ್ನು ಕಣಜದ ಸ್ವಭಾವವನ್ನು ನೋಡೋಣ. ಪೆನ್ ಡ್ರೈವ್‌ನ ಒಳಗಿರುವುದು ಫ್ಲಾಷ್ ಸ್ಮೃತಿ. 1980ರ ದಶಕದಲ್ಲಿ ಜಪಾನಿನ ತೋಶಿಬಾ ಸಂಸ್ಥೆಯಲ್ಲಿ ಫ್ಯೂಜಿಯೊ ಮಸುವೊಕ ಇದನ್ನು ರೂಪಿಸಿದರು. ಇದರಲ್ಲಿ ಎಲೆಕ್ಟ್ರಾನುಗಳನ್ನು ಅತಿಸೂಕ್ಷ್ಮ ಕೋಶಗಳಲ್ಲಿ ಸೆರೆಯಿಟ್ಟು ಮಾಹಿತಿಯನ್ನು ಬರೆಯುತ್ತಾರೆ. ಓದುವುದು ಸುಲಭ, ಬರೆಯುವುದು ನಿಧಾನ. ಒಂದು ಸಾಲನ್ನು ತಿದ್ದಲು ಇಡೀ ಸ್ಲೇಟನ್ನೇ ಒರಸಬೇಕೆಂಬ ನಿಯಮವಿದ್ದರೆ ಹೇಗೆ? ಉಳಿದ ಸಾಲುಗಳನ್ನು ಮೊದಲು ಬೇರೊಂದು ಸ್ಲೇಟಿಗೆ ನಕಲು ಮಾಡಿಕೊಳ್ಳಬೇಕಾಗುವುದು. ಫ್ಲಾಷ್ ಸ್ಮೃತಿಯಲ್ಲಿ ಬರೆಯುವುದು ಪುಟಪುಟವಾಗಿ. ಅಳಿಸುವುದಾದರೋ ಅನೇಕ ಪುಟಗಳ ಕಟ್ಟನ್ನು ಒಟ್ಟಾಗಿ. ಡ್ರೈವ್ ಬಹುತೇಕ ತುಂಬಿದ್ದರೆ ಒರಸಿಟ್ಟ ಸ್ಲೇಟುಗಳು ವಿರಳವಾಗಿ ಕೆಲಸ ಮತ್ತಷ್ಟು ತಡವಾಗುತ್ತದೆ. ಸಾವಿರಾರು ಚಿಕ್ಕ ಕಡತಗಳಿದ್ದರೆ ಪ್ರತಿಯೊಂದರ ಹೆಸರನ್ನೂ ಸ್ಥಾನವನ್ನೂ ಬೇರೆಬೇರೆಯಾಗಿ ದಾಖಲಿಸಬೇಕಾಗುವುದರಿಂದಲೂ ವಿಳಂಬವುಂಟು.

ಕಣಜಕ್ಕೆ ಹೋಗುವ ದಾರಿಯೂ ಇಕ್ಕಟ್ಟಾಗಿರಬಹುದು. 2000ದಲ್ಲಿ ಬಂದ ಯು.ಎಸ್.ಬಿ. 2.0 ಪದ್ಧತಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ ಇದು 60 ಮೆಗಾಬೈಟ್. ವ್ಯವಹಾರದಲ್ಲಿ ದೊರೆಯುವುದು ಇನ್ನೂ ಕಡಮೆ. 2008ರ 3.0 ಪದ್ಧತಿಯ ಗರಿಷ್ಠ ವೇಗ 5,000 ಮೆಗಾಬಿಟ್. ಹೊಸ ಡ್ರೈವನ್ನು ಹಳೆಯ ಪೋರ್ಟಿಗೆ ಸಿಕ್ಕಿಸಿದರೆ ಹಳೆಯ ವೇಗವೇ ಗತಿ. ಹಾಗೆಯೇ, ದಾರಿ ಅಗಲವಾದ ಮಾತ್ರಕ್ಕೆ ಮಂದವಾದ ಡ್ರೈವ್ ಚುರುಕಾಗುವುದಿಲ್ಲ.

ದೋಷವೆಲ್ಲಿದೆ ಎಂದು ತಿಳಿಯಲು ಅಳತೆಯೊಂದೇ ಮಾರ್ಗ. 1,000 ಮೆಗಾಬೈಟಿನ ಒಂದೇ ಕಡತವನ್ನು ನಕಲು ಮಾಡಿರಿ. ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಆಜ್ಞೆಯನ್ನು ಕೊಟ್ಟು, ತೆಗೆಯಬಹುದೆಂಬ ಸೂಚನೆ ಬರುವವರೆಗಿನ ಕಾಲವನ್ನು ಗಡಿಯಾರದಲ್ಲಿ ನೋಡಿರಿ. 200 ಸೆಕೆಂಡು ಹಿಡಿದರೆ ನಿಜವಾದ ವೇಗ ಸೆಕೆಂಡಿಗೆ 5 ಮೆಗಾಬೈಟ್. ಮುಂದೆ ಪ್ರತಿಸಲವೂ ಒಂದೇ ಅಂಶವನ್ನು ಬದಲಿಸಿರಿ.

1. ಅದೇ ಡ್ರೈವ್ ಬೇರೆ ಪೋರ್ಟಿನಲ್ಲಿ ವೇಗವಾದರೆ, ದೋಷ ಮೊದಲಿನ ಪೋರ್ಟಿನದು, ಇಲ್ಲವೆ ನಡುವಿನ ತಂತಿಯದು.

2. ಅದೇ ಪೋರ್ಟಿನಲ್ಲಿ ಬೇರೆ ಡ್ರೈವ್ ವೇಗವಾದರೆ, ದೋಷ ಮೊದಲಿನ ಡ್ರೈವಿನದು.

3. ದೊಡ್ಡ ಕಡತ ಬೇಗ ಹೋಗಿ ಚಿಕ್ಕವು ತಡೆದರೆ, ಅವನ್ನು ಜಿಪ್ ಮಾಡಿ ಒಂದೇ ಕಡತವಾಗಿಸಿ ಕಳುಹಿಸಿರಿ.

4. ಡ್ರೈವ್ ತುಂಬಿದ್ದರೆ, ಅದರಲ್ಲಿರುವುದನ್ನು ಬೇರೆಡೆ ಉಳಿಸಿಕೊಂಡ ಮೇಲೆಯೇ ಫಾರ್ಮ್ಯಾಟ್ ಮಾಡಿರಿ. ಆ ಬಳಿಕವೂ ಬರೆಯುವಾಗ ದೋಷಸೂಚನೆ ಬರುತ್ತಿದ್ದರೆ, ಮುಖ್ಯವಾದುದೇನನ್ನೂ ಅದಕ್ಕೆ ಒಪ್ಪಿಸಬೇಡಿರಿ.

ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ; ಅರ್ಧ ಬರೆದ ಕಡತ ಮಾತ್ರ ತಾನಾಗಿ ಪೂರ್ತಿಯಾಗುವುದಿಲ್ಲ. ಕಣ ಬರಿದಾಗುವವರೆಗೆ ಕಾಯುವುದೇ ಲೇಸು.

ಅಭ್ಯಾಸ: ನಮ್ಮ ವಿದ್ಯಾರ್ಥಿನಿಯ ಕಡತ 4,000 ಮೆಗಾಬೈಟ್, ಡ್ರೈವ್ ಬರೆಯುವ ವೇಗ ಸೆಕೆಂಡಿಗೆ 8 ಮೆಗಾಬೈಟ್. ಬಸ್ಸಿಗೆ ಇನ್ನು 10 ನಿಮಿಷವಿದ್ದರೆ ಕೆಲಸ ಮುಗಿಯುವುದೇ? ಸೆಕೆಂಡಿಗೆ 5 ಮೆಗಾಬೈಟ್ ಆದರೆ?