ತೆಂಗಿನ ಹರಳಿನಲ್ಲಿ ಜೀವಕೋಶಗಳು ಕೂಡುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರಿಗೆ ಎಳನೀರೂ ಕೊಬ್ಬರಿಯೂ ಹೊಸದಲ್ಲ. ಆದರೆ ಇವು ಹುಟ್ಟುವುದು ಜೀವಕೋಶಗಳ ಕೂಡಿಕೆಯಿಂದ ಎಂಬುದು ಎಲ್ಲರಿಗೂ ತಿಳಿದಿರಲಾರದು.

ಹೆಣ್ಣು ಹೂವಿನ ಮೇಲೆ ಬಿದ್ದ ಪರಾಗ ಮೊಳೆತು, ಅದರ ನಾಳವು ಎರಡು ಗಂಡು ಕೋಶಗಳನ್ನು ಒಳಕ್ಕೆ ಒಯ್ಯುತ್ತದೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಮಧ್ಯಕೋಶದೊಡನೆ ಕೂಡಿದ ಮೇಲೆ ಎಳನೀರು, ತಿರುಳು ಬೆಳೆಯುತ್ತವೆ. ಗರ್ಭಕಟ್ಟದ ಹರಳು ಉದುರುತ್ತದೆ.

ಪ್ರತಿ ಕೋಶದ ಸುತ್ತ ಕೊಬ್ಬಿನಂಶದ ತೆಳು ಪೊರೆಯಿದೆ. ಪೊರೆಗಳಿಗೆ ನೀರಿನ ಪದರ ಅಂಟಿರುವುದರಿಂದ ಅವು ತಾವಾಗಿ ಬೆರೆಯವು. ಹೂಬಿಡುವ ಗಿಡಗಳ ಗಂಡು ಕೋಶದಲ್ಲಿ ಇದಕ್ಕೆಂದೇ ಒಂದು ಪ್ರೋಟೀನು ಇದೆ. ಜಪಾನಿನ ವಿಜ್ಞಾನಿಗಳು 2006ರಲ್ಲಿ ಇದನ್ನು ಲಿಲ್ಲಿ ಗಿಡದಲ್ಲಿ ಗುರುತಿಸಿದರು. ಹ್ಯಾಪ್-2 ಎಂದೂ ಇದಕ್ಕೆ ಹೆಸರು. ಇದರ ತುದಿ ಎದುರಿನ ಪೊರೆಗೆ ನಾಟಿಕೊಳ್ಳುತ್ತದೆ. ಬಳಿಕ ಪ್ರೋಟೀನು ಮಡಿಚಿಕೊಂಡು, ದೋಟಿಯ ಕೊಕ್ಕೆ ಗೊನೆಯನ್ನು ಎಳೆದಂತೆ, ಎರಡು ಪೊರೆಗಳನ್ನೂ ಹತ್ತಿರಕ್ಕೆ ಎಳೆದು ಒಂದಾಗಿಸುತ್ತದೆ.

ಹಸಿರು ಪಾಚಿಯೊಂದರಲ್ಲಿರುವ ಇದೇ ಪ್ರೋಟೀನಿನ ರಚನೆ 2017ರಲ್ಲಿ ತಿಳಿದುಬಂದಾಗ, ಡೆಂಗಿ ವೈರಸ್ಸಿನ ಪ್ರೋಟೀನಿಗೂ ಇದಕ್ಕೂ ಹೋಲಿಕೆ ಕಂಡಿತು. ಅದೂ ಹೀಗೆಯೇ ಮಡಿಚಿಕೊಂಡು ವೈರಸ್ಸನ್ನು ನಮ್ಮ ಕೋಶದೊಳಕ್ಕೆ ಬಿಡುತ್ತದೆ. ಒಂದೇ ಉಪಾಯ, ಒಂದು ಕಡೆ ಫಲ, ಇನ್ನೊಂದು ಕಡೆ ರೋಗ!

ರೈತರು ಗಮನಿಸಬೇಕಾದದ್ದು:

1. ಎತ್ತರದ ತಳಿಗಳಲ್ಲಿ ಸಾಮಾನ್ಯವಾಗಿ ಗಂಡು ಹೂಗಳು ಮೊದಲೇ ಮುಗಿಯುತ್ತವೆ. ಬೇರೆ ಮರದ ಪರಾಗ ಬೇಕು. ಜೇನ್ನೊಣ ಹಾರಾಡುವ ಹೊತ್ತಿನಲ್ಲಿ ಔಷಧಿ ಸಿಂಪಡಿಸಬಾರದು.

2. ಕೊಬ್ಬರಿ ತೆಗೆದ ಕರಟಗಳನ್ನು ಮಳೆಗೆ ಬಿಡಬಾರದು. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ಕರಟಗಳನ್ನು ಬೋರಲು ಹಾಕಿ, ಇಲ್ಲವೇ ಮಾಡಿನ ಕೆಳಗೆ ಇಡಿ. ನೀರು ನಿಂತಿದ್ದರೆ ವಾರಕ್ಕೊಮ್ಮೆಯಾದರೂ ಚೆಲ್ಲಿ.