ಮಾತು ನಿಂತಾಗ ನಿಮ್ಮ ಪರವಾಗಿ ಮಾತನಾಡುವವರು ಯಾರು?



ಮಗಳ ಮದುವೆಗೆಂದು ಹತ್ತು ವರ್ಷ ಮೊದಲೇ ಚೀಟಿ ಹಾಕುತ್ತೇವೆ. ಸತ್ತ ಮೇಲೆ ಯಾರ ಪಕ್ಕದಲ್ಲಿ ಮಣ್ಣು ಮಾಡಬೇಕೆಂದು ಕೆಲವರು ಮೊದಲೇ ಹೇಳಿಟ್ಟಿರುತ್ತಾರೆ. ಆದರೆ ಸಾವಿಗೆ ಮುಂಚೆ ಬರಬಹುದಾದ ಒಂದು ಕಾಲದ ಬಗ್ಗೆ ಮಾತ್ರ ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಉಸಿರಿದೆ, ಪ್ರಜ್ಞೆಯಿಲ್ಲ, ತೀರ್ಮಾನಗಳು ನಮ್ಮ ದೇಹದ ಬಗ್ಗೆಯೇ, ಆದರೆ ಹೇಳಲು ನಮಗೆ ಮಾತಿಲ್ಲ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಮಕ್ಕಳು ದಿಕ್ಕಿಗೊಬ್ಬರಾದರು. ಕೆಲವರು ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ, ಕೆಲವರು ಗಲ್ಫಿನಲ್ಲಿದ್ದಾರೆ. ಗಣಿಯ ದೂಳು ಕುಡಿದ ಶ್ವಾಸಕೋಶದ ತಂದೆ ಒಂದು ರಾತ್ರಿ ಉಸಿರಿಗೆ ಒದ್ದಾಡಿ ಐ.ಸಿ.ಯು. ಸೇರುತ್ತಾನೆ ಎನ್ನಿ. ವೆಂಟಿಲೇಟರ್ ಹಾಕೋಣವೇ ಎಂದು ವೈದ್ಯರು ಕೇಳುತ್ತಾರೆ. ದೊಡ್ಡ ಮಗ ಫೋನಿನಲ್ಲಿ, “ಎಷ್ಟಾದರೂ ಆಗಲಿ, ಎಲ್ಲ ಮಾಡಿ” ಎನ್ನುತ್ತಾನೆ. ಆರು ವರ್ಷ ಅಪ್ಪನಿಗೆ ಗಂಜಿ ಕುಡಿಸಿದ ಮಗಳು, “ಅಪ್ಪನಿಗೆ ಇದು ಬೇಡವಾಗಿತ್ತು” ಎಂದು ಅಳುತ್ತಾಳೆ. ತಾಯಿಯನ್ನು ಯಾರೂ ಕೇಳುವುದೇ ಇಲ್ಲ. ಅಪ್ಪ ಹೋದ ಮೇಲೆ ಅಣ್ಣತಂಗಿ ಕ್ರಿಸ್ಮಸ್ಸಿಗೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಇಂಥ ಜಗಳ ಬರುವುದು ಪ್ರೀತಿಯಿಲ್ಲದ್ದರಿಂದಲ್ಲ, ಅಪ್ಪನ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ಖಚಿತವಾಗಿ ತಿಳಿಯದ್ದರಿಂದ.

ಈ ಪ್ರಶ್ನೆ ನಮ್ಮ ನಾಡಿನ ಹೆಣ್ಣುಮಗಳೊಬ್ಬಳಿಂದಲೇ ದೇಶದ ಮುಂದೆ ಬಂದಿತು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿನ ಕೆಲಸಗಾರನೊಬ್ಬನ ಕ್ರೂರ ಹಲ್ಲೆಗೆ ತುತ್ತಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಹಾಸಿಗೆಯಲ್ಲೇ ಇದ್ದರು. ಲೇಖಕಿ ಪಿಂಕಿ ವಿರಾನಿ, ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ವರ್ಷಾನುಗಟ್ಟಲೆ ಮೈ ತೊಳೆದು ಊಟ ಮಾಡಿಸಿದ್ದ ದಾದಿಯರು ಬೇಡವೆಂದರು. ಅರುಣಾ ಪರವಾಗಿ ಮಾತನಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು 2011ರ ಮಾರ್ಚಿನಲ್ಲಿ ನ್ಯಾಯಾಲಯ ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಬರೆದವರಿಗಿಂತ ಆರೈಕೆ ಮಾಡಿದವರೇ ಹತ್ತಿರದವರು ಎಂಬ ಆ ಮಾತು ನನಗೆ ಸರಿಯೆನಿಸುತ್ತದೆ. ಆದರೂ ಅರುಣಾ ಸ್ವತಃ ಯಾರನ್ನು ಆರಿಸುತ್ತಿದ್ದರೆಂಬುದು ಯಾರಿಗೂ ತಿಳಿಯಲಿಲ್ಲ.

ಈಗ ಹಾಗೆ ತಿಳಿಸಿಡಲು ದಾರಿಯಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ‘ಮುಂಗಡ ವೈದ್ಯಕೀಯ ನಿರ್ದೇಶನ’ವನ್ನು ಮಾನ್ಯ ಮಾಡಿತು. ಲಿವಿಂಗ್ ವಿಲ್ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಮೊದಲು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಅದರಲ್ಲಿ ಹೆಸರು ಹಿಡಿದು ಬರೆಯಬೇಕು. ಹಾಗೆಂದು ಅವರು ಹೇಳಿದ ಕೂಡಲೇ ಯಂತ್ರ ನಿಲ್ಲುವುದಿಲ್ಲ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಮನಸ್ಸು ಬದಲಾದರೆ ಪತ್ರವನ್ನೂ ಬದಲಾಯಿಸಬಹುದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿದೆ.

“ಸ್ವಾಮಿ, ಇದು ದಯಾಮರಣವಲ್ಲವೇ? ಪಾಪವಲ್ಲವೇ?” ಎಂದು ನೀವು ಕೇಳಬಹುದು. ಕೇಳಲೇಬೇಕು. ಕೊಲ್ಲುವುದಕ್ಕೂ ಸಾವನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಧರ್ಮಸಭೆ ಬಹಳ ಹಿಂದಿನಿಂದಲೂ ಕಾಯ್ದುಕೊಂಡು ಬಂದಿದೆ. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರಲ್ಲಿ ವೈದ್ಯರಿಗೆ ಹೇಳಿದ್ದು ಇದನ್ನೇ: ಜೀವ ಉಳಿಸಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ತನಗೂ ಇತರರಿಗೂ ಅತಿ ಭಾರವಾಗುವ ಉಪಾಯಗಳಿಗೆ ಯಾರೂ ಬದ್ಧರಲ್ಲ. ರೋಗಿಗೆ ಶಕ್ತಿಯಿಲ್ಲದಾಗ ಕಾನೂನು ಒಪ್ಪುವ ಪ್ರತಿನಿಧಿ ತೀರ್ಮಾನಿಸಬಹುದು, ಆದರೆ ರೋಗಿಯ ನ್ಯಾಯವಾದ ಇಚ್ಛೆಯನ್ನು ಗೌರವಿಸಬೇಕು ಎಂದು ಕಥೋಲಿಕ ಧರ್ಮೋಪದೇಶವೂ ಹೇಳುತ್ತದೆ. ಆದರೆ ಸಾಯಿಸಲೆಂದು ಸೂಜಿ ಚುಚ್ಚುವುದನ್ನು ಯಾವ ಪ್ರತಿನಿಧಿಯೂ ಒಪ್ಪುವಂತಿಲ್ಲ. ಅನ್ನನೀರು, ನಳಿಕೆಯ ಮೂಲಕವಾದರೂ, ದೇಹ ಸ್ವೀಕರಿಸುವವರೆಗೆ ಕೊಡಬೇಕಾದ ಆರೈಕೆಯೇ. ಅರುಣಾ ಪ್ರಕರಣದಲ್ಲಿ ದಾದಿಯರ ಪಕ್ಷವೇ ನಮ್ಮ ಪಕ್ಷ. ನಿಮ್ಮ ಪತ್ರದಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿರಿ.

ಹಾಗಾದರೆ ಯಾರನ್ನು ಆರಿಸಬೇಕು? ಹಿರಿಯ ಮಗನೆಂಬ ಒಂದೇ ಕಾರಣ ಸಾಲದು, ಹೆಚ್ಚು ಹಣ ಕಳಿಸುವವನೆಂಬುದೂ ಸಾಲದು. ಶಿಲುಬೆಯ ಮೇಲಿದ್ದ ಯೇಸುಸ್ವಾಮಿ ತಮ್ಮ ತಾಯಿಯನ್ನು ಒಪ್ಪಿಸಿದ್ದು ದೂರದಲ್ಲಿದ್ದ ನೆಂಟರಿಗಲ್ಲ, ಅಲ್ಲೇ ನಿಂತಿದ್ದ ಶಿಷ್ಯನಿಗೆ. ನಿಲ್ಲಬಲ್ಲವರು ಬೇಕು. ತನ್ನ ಭಯವನ್ನು ನಿಮ್ಮ ಇಚ್ಛೆಯೆಂದು ಹೇಳದವರು, ವೈದ್ಯರನ್ನು ಎರಡು ಸಲ ಪ್ರಶ್ನಿಸಲು ಅಂಜದವರು ಬೇಕು. ನಮ್ಮ ಹಳೆಯ ಗಣಿ ಕಾರ್ಮಿಕರಿಗೆ ಇದು ಹೊಸದಲ್ಲ. ಕೇಜಿನೊಳಗೆ ಇದ್ದವನು ಅದನ್ನು ನಡೆಸುತ್ತಿರಲಿಲ್ಲ. ನಡೆಸುವವನು ಮೇಲೆ ಇರುತ್ತಿದ್ದ. ಎಷ್ಟು ಬೆಲ್ಲಿಗೆ ಏನರ್ಥ ಎಂಬುದು ಇಳಿಯುವ ಮೊದಲೇ ಇಬ್ಬರಿಗೂ ಗೊತ್ತಿರಬೇಕಿತ್ತು. ಆರಿಸಿದವರ ಹತ್ತಿರ ನೀವು ಮಾತನಾಡದಿದ್ದರೆ ಸ್ಟ್ಯಾಂಪು ಪೇಪರಿನಿಂದ ಹೆಚ್ಚು ಉಪಯೋಗವಿಲ್ಲ. ಉಳಿದ ಮಕ್ಕಳೆದುರೇ ಮಾತನಾಡಿ, ಮನೆಯಲ್ಲಿ ತಮಿಳಾಗಲಿ ತೆಲುಗಾಗಲಿ ಕನ್ನಡವಾಗಲಿ, ನೀವು ಜಪಮಾಲೆ ಹೇಳುವ ಭಾಷೆಯಲ್ಲೇ. ಒಬ್ಬರ ಬದಲು ಇಬ್ಬರನ್ನು ಹೆಸರಿಸುವುದು ಕ್ಷೇಮ. ಗುರುಗಳ ಹೆಸರು ಮಾತ್ರ ಬೇಡ. ನಮಗೆ ಯಾವಾಗ ವರ್ಗವಾಗುತ್ತದೋ ನಮಗೇ ಗೊತ್ತಿಲ್ಲ.

ಹಣಕಾಸಿನ ಬಗ್ಗೆ ಒಂದು ಎಚ್ಚರಿಕೆ. “ಮಗನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ, ಚಿಂತೆಯಿಲ್ಲ” ಎನ್ನುವವರಿದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಂತಾದರೆ ಅಂಥ ಅಧಿಕಾರ ಕೊನೆಯಾಗುತ್ತದೆ. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಆಸ್ತಿಗೆ ಪಾಲಕರನ್ನು ನೇಮಿಸಿಕೊಳ್ಳಲು ಮನೆಯವರು ಹೈಕೋರ್ಟಿನವರೆಗೂ ಹೋಗಬೇಕಾಗಬಹುದು. ಗಂಡ ಹೆಂಡತಿ ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದೆಂದು ಬರೆಸಿಡಿ. ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಬೇರೆ ಕಾನೂನಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಬಿಳಿಯ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಪ್ರತಿನಿಧಿಯನ್ನು ಹೆಸರಿಸಬಹುದು.

ಪತ್ರವನ್ನು ಒಡವೆಯ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹೆಸರಿಸಿದವರಿಗೊಂದು, ನೋಡುವ ವೈದ್ಯರಿಗೊಂದು ಜೆರಾಕ್ಸ್ ಕೊಡಿ. ನಗರಸಭೆಗೋ ಪಂಚಾಯಿತಿಗೋ ಒಂದು ಪ್ರತಿ ಕೊಡಬೇಕೆಂದೂ ನಿಯಮವಿದೆ. ಕಾನೂನು ಕೇಳದ ಒಂದು ಸಾಲನ್ನು ಕೊನೆಗೆ ನೀವೇ ಸೇರಿಸಿ: ನನ್ನ ಕಾಯಿಲೆ ಬಿಗಡಾಯಿಸಿದಾಗ ಗುರುಗಳನ್ನು ಕರೆಸಿ, ನನಗೆ ಪ್ರಜ್ಞೆಯಿರುವಾಗಲೇ ಪಾಪನಿವೇದನೆ, ಪರಮಪ್ರಸಾದ, ಅಭ್ಯಂಗ ಕೊಡಿಸಿ. ರಾತ್ರಿ ಎರಡು ಗಂಟೆಯಾದರೂ ಬಾಗಿಲು ತಟ್ಟಬಹುದು.