ಐರ್ಲೆಂಡಿನ ‘ಒಳ್ಳೆಯ ಜನ’

ನಮ್ಮ ಮನೆಯ ಉರ್ದುವಿನಲ್ಲಿ ‘ಪರಿ’ ಎಂದರೆ ರೆಕ್ಕೆಯುಳ್ಳ ಸುಂದರಿ. ಕನ್ನಡದ ಮಕ್ಕಳ ಕಥೆಗಳ ಕಿನ್ನರಿಯೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಐರ್ಲೆಂಡಿನ ಹಳ್ಳಿಗಳ ಪರಿಗಳು ಬೇರೆ ಥರ. ಅವರು ಹಾಡುತ್ತಾರೆ, ಕುಣಿಯುತ್ತಾರೆ, ತಮ್ಮತಮ್ಮಲ್ಲೇ ಯುದ್ಧ ಮಾಡುತ್ತಾರೆ, ಅವಮಾನವಾದರೆ ಸೇಡು ತೀರಿಸಿಕೊಳ್ಳುತ್ತಾರೆ. ಹೆಸರಿಟ್ಟು ಕರೆದರೆ ಸಿಟ್ಟಾಗುತ್ತಾರೆಂದು ಹಳ್ಳಿಯವರು ಅವರನ್ನು ‘ಒಳ್ಳೆಯ ಜನ’ ಎನ್ನುತ್ತಿದ್ದರು.

ಇವರ ವಾಸಸ್ಥಳವೆಂದು ಜನ ತೋರಿಸುತ್ತಿದ್ದುದು ಹೊಲಗಳ ನಡುವೆ ದುಂಡಗೆ ಸುತ್ತುವರಿದ ಮಣ್ಣಿನ ಏರಿಗಳನ್ನು. ಇತಿಹಾಸದ ಪ್ರಕಾರ ಅವು ಹೆಚ್ಚಾಗಿ ಕ್ರಿ.ಶ. 500ರಿಂದ 1000ದ ನಡುವಿನ ರೈತ ಕುಟುಂಬಗಳ ವಾಸದ ಆವರಣಗಳು. ಅಂಥವು 40,000ಕ್ಕೂ ಹೆಚ್ಚು ಗುರುತಿಸಲ್ಪಟ್ಟಿವೆ. ಇಷ್ಟೊಂದು ಉಳಿದದ್ದಕ್ಕೆ ಭಯವೂ ಒಂದು ಕಾರಣ. ಅಲ್ಲಿ ನೇಗಿಲು ಹಾಕಿದರೆ ದನ ಸಾಯುತ್ತದೆ, ಮನೆಗೆ ಕೇಡು ಬರುತ್ತದೆ ಎಂದು ರೈತರು ಮುಟ್ಟುತ್ತಿರಲಿಲ್ಲ.

1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಎಂಬಲ್ಲಿ ಹೊಸ ಹೆದ್ದಾರಿಗೆ ಒಂದು ಮುಳ್ಳಿನ ಗಿಡ ಅಡ್ಡ ಬಂತು. ಅದು ಪರಿಗಳು ಯುದ್ಧಕ್ಕೆ ಮುಂಚೆ ಸೇರುವ ಜಾಗ, ಕಡಿಯಬೇಡಿ ಎಂದು ಕಥೆಗಾರ ಎಡ್ಡಿ ಲೆನಿಹನ್ ಹೋರಾಟ ಮಾಡಿದರು. ಗಿಡ ಉಳಿಯಿತು. ವಾಣಿಜ್ಯ ಓದುವ ನನಗೆ ಮೊದಲು ಬಂದ ಪ್ರಶ್ನೆ, ಈ ಖರ್ಚನ್ನು ಯಾವ ಲೆಕ್ಕಕ್ಕೆ ಬರೆದರೋ ಎಂದು!

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲವೂ ಚೆಂದ. ಆದರೆ 1895ರಲ್ಲಿ ಟಿಪ್ಪರೇರಿ ಜಿಲ್ಲೆಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೊಲಿಗೆ ಕೆಲಸದ ಯುವತಿ ಕಾಯಿಲೆ ಬಿದ್ದಳು. ಪರಿಗಳು ತನ್ನ ಹೆಂಡತಿಯನ್ನು ಕದ್ದು ಬೇರೊಬ್ಬಳನ್ನು ಇಟ್ಟಿದ್ದಾರೆ ಎಂದು ಗಂಡ ಮೈಕೆಲ್ ಹೇಳತೊಡಗಿದ. ಬಂಧುಗಳೂ ಸೇರಿ ಅವಳಿಗೆ ಬಲವಂತವಾಗಿ ಗಿಡಮೂಲಿಕೆ ಕುಡಿಸಿದರು. ಮರುದಿನ ಅವನು ಅವಳನ್ನು ಸುಟ್ಟ. ಆಮೇಲೆ ನಿಜವಾದ ಹೆಂಡತಿ ಬಿಳಿ ಕುದುರೆಯ ಮೇಲೆ ಬರುತ್ತಾಳೆಂದು ಅಂಥದ್ದೇ ಒಂದು ಏರಿಯ ಬಳಿ ರಾತ್ರಿ ಕಾದು ಕುಳಿತ. ಅವನಿಗೆ ಜೈಲಾಯಿತು. ಗಿಡವನ್ನು ಉಳಿಸಿದ ನಂಬಿಕೆಯೇ ಆ ಮನೆಯಲ್ಲಿ ಒಂದು ಜೀವ ತೆಗೆಯಿತು. ಕಥೆ ಕಥೆಯಾಗಿದ್ದರೆ ಸರಿ, ಕಾಯಿಲೆಗೆ ಬೇಕಾದದ್ದು ಡಾಕ್ಟರು.

ಈ ಕಥೆಗಳು ಇಷ್ಟು ವಿವರವಾಗಿ ಉಳಿದದ್ದರಲ್ಲಿ ನಮಗಿಂತ ಚಿಕ್ಕವರ ಪಾಲು ದೊಡ್ಡದು. 1937ರಿಂದ 1939ರವರೆಗೆ ಅಲ್ಲಿನ ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ತಮ್ಮ ಅಜ್ಜ, ಅಜ್ಜಿ, ನೆರೆಹೊರೆಯವರಿಂದ ಕೇಳಿದ್ದನ್ನು ನೋಟ್‌ಬುಕ್ಕುಗಳಲ್ಲಿ ಬರೆದರು. ಕೊಟ್ಟ ವಿಷಯಗಳಲ್ಲಿ ಪರಿಗಳ ಈ ಏರಿಗಳೂ ಒಂದು. ಬಹುತೇಕ ಮಕ್ಕಳಿಗೆ ಆಗ 11ರಿಂದ 14 ವರ್ಷ. ಅವರ ಕೈಬರಹದ ಪುಟಗಳನ್ನು ಈಗ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು.